ನಮ್ಮ ಡಿಪಾರ್ಟ್‌ಮೆಂಟ್ ಸರ್ವರ್, ಒಂದು ಸೆಮಿಸ್ಟರ್ ಬಳಸಿದ ಮೇಲೆ: 5ಕ್ಕೆ 2 ಸ್ಟಾರ್

ವೆಬ್ ಪ್ರೋಗ್ರಾಮಿಂಗ್ ಲ್ಯಾಬ್‌ಗೆ ಅಂತ ನಮ್ಮ ಎಂಸಿಎ ಡಿಪಾರ್ಟ್‌ಮೆಂಟ್‌ನವರು ಒಂದು ಸರ್ವರ್ ಕೊಟ್ಟಿದ್ದಾರೆ. ಒಬ್ಬೊಬ್ಬರಿಗೂ ಒಂದು ಲಾಗಿನ್, ಒಂದು ಫೋಲ್ಡರ್, ಒಂದು ಡೇಟಾಬೇಸ್. ಅಸೈನ್‌ಮೆಂಟನ್ನು ಅದರ ಮೇಲೇ ಓಡಿಸಿ ತೋರಿಸಬೇಕು. ಲ್ಯಾಪ್‌ಟಾಪ್‌ನಲ್ಲಿ ಓಡಿದರೆ ಲೆಕ್ಕಕ್ಕಿಲ್ಲ. ರಿಪೋರ್ಟ್ ಅಪ್‌ಲೋಡ್ ಮಾಡುವ ಪೇಜೂ ಅದೇ ಮಷಿನ್‌ನಲ್ಲಿದೆ. ಯೂನಿವರ್ಸಿಟಿ ಹೆಸರು ಹಾಕುತ್ತಿಲ್ಲ, ಯಾಕಂದ್ರೆ ಬೇರೆ ಬೇರೆ ಕಡೆ ಓದುತ್ತಿರುವ ನನ್ನ ಗೆಳತಿಯರನ್ನು ಕೇಳಿದರೂ ಹೆಚ್ಚು ಕಡಿಮೆ ಇದೇ ಕಥೆ ಹೇಳುತ್ತಾರೆ.

ಮೊದಲು ಆ ಎರಡು ಸ್ಟಾರ್ ಯಾಕೆ ಅಂತ ಹೇಳಿಬಿಡುತ್ತೇನೆ. ನಿಜವಾದ ಲಿನಕ್ಸ್ ಮಷಿನ್ ಮೇಲೆ ಕೆಲಸ ಮಾಡಲು ಸಿಗುವುದು ದೊಡ್ಡ ವಿಷಯ. ಲ್ಯಾಪ್‌ಟಾಪ್‌ನಲ್ಲಿ ಎಕ್ಸಾಂಪ್ (ಲ್ಯಾಪ್‌ಟಾಪನ್ನೇ ಸರ್ವರ್ ಥರ ಓಡಿಸುವ ಸಾಫ್ಟ್‌ವೇರ್) ಹಾಕಿಕೊಂಡು ಬರೆದ ನನ್ನ ಮೊದಲ ಪ್ರೋಗ್ರಾಂ ಇಲ್ಲಿಗೆ ತಂದಾಗ ಓಡಲೇ ಇಲ್ಲ. ವಿಂಡೋಸ್‌ನಲ್ಲಿ ಫೈಲ್ ಹೆಸರಿನ ಮೊದಲ ಅಕ್ಷರ ಕ್ಯಾಪಿಟಲ್ ಆದರೂ ಸ್ಮಾಲ್ ಆದರೂ ನಡೆಯುತ್ತದೆ, ಲಿನಕ್ಸ್‌ಗೆ ಅವು ಎರಡು ಬೇರೆ ಬೇರೆ ಫೈಲ್. ಇದನ್ನು ಕ್ಲಾಸಲ್ಲಿ ಕೇಳಿದ್ದರೆ ಮರೆತುಹೋಗುತ್ತಿತ್ತು. ಇಲ್ಲಿ ಒಂದು ಮಧ್ಯಾಹ್ನ ಪೂರ್ತಿ ಒದ್ದಾಡಿ ಕಲಿತಿದ್ದರಿಂದ ಇನ್ನು ಮರೆಯುವುದಿಲ್ಲ. ಬೆಳಿಗ್ಗೆ 8 ಗಂಟೆಗೆ ಲಾಗಿನ್ ಆದರೆ ಸರ್ವರ್ ಚುರುಕಾಗಿಯೂ ಇರುತ್ತದೆ. ಒಂದು ರೂಪಾಯಿ ಖರ್ಚಿಲ್ಲ.

ಕಷ್ಟ ಶುರುವಾಗುವುದು ಅಸೈನ್‌ಮೆಂಟ್‌ನ ಕೊನೆಯ ಎರಡು ದಿನ. ನಮ್ಮ ಕ್ಲಾಸ್‌ನಲ್ಲಿ 60 ಜನ, ಜೂನಿಯರ್ಸ್ 60 ಜನ, ಎಲ್ಲರಿಗೂ ಒಂದೇ ಮಷಿನ್. ಡೇಟಾಬೇಸ್ ನಡೆಸುವ ಸಾಫ್ಟ್‌ವೇರ್ ಮೈಎಸ್‌ಕ್ಯುಎಲ್. ಅದರ ಸೆಟ್ಟಿಂಗ್ ಮುಟ್ಟದೆ ಹಾಗೇ ಬಿಟ್ಟರೆ ಒಂದು ಸಲಕ್ಕೆ 151 ಕನೆಕ್ಷನ್ ಮಾತ್ರ ಒಳಗೆ ಬಿಡುತ್ತದೆ. ಕೇಳಲು ಸಾಕು ಅನ್ನಿಸುತ್ತದೆ, ಅಲ್ವಾ? ಆದರೆ ಪೇಜ್ ನಿಧಾನವಾದ ತಕ್ಷಣ ಎಲ್ಲರೂ ರಿಫ್ರೆಶ್ ಒತ್ತುತ್ತೇವೆ, ಇನ್ನೊಂದು ಟ್ಯಾಬ್ ತೆರೆಯುತ್ತೇವೆ, ಯಾರದೋ ತಪ್ಪು ಕ್ವೆರಿ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆ) ನಿಮಿಷಗಟ್ಟಲೆ ಓಡುತ್ತಾ ಒಂದು ಜಾಗ ಹಿಡಿದುಕೊಂಡಿರುತ್ತದೆ, ಹೀಗೆ ಕ್ಯೂ ಬೆಳೆದು ಕೊನೆಗೆ ಯಾರಿಗೂ ಒಳಗೆ ಹೋಗಲು ಆಗುವುದಿಲ್ಲ. 'ಟೂ ಮೆನಿ ಕನೆಕ್ಷನ್ಸ್' ಅಂತ ಬಂದರೆ ಪುಣ್ಯ. ಯಾಕಂದ್ರೆ ಆಗ ಕಾರಣವಾದರೂ ಗೊತ್ತಾಗುತ್ತದೆ.

ಹೆಚ್ಚಿನ ಸಲ ಬರುವುದು ಬರೀ 500 ಅನ್ನೋ ಎರರ್, ಅಂದರೆ ಸರ್ವರ್ ಒಳಗೆ ಏನೋ ಕೆಟ್ಟಿದೆ ಅಂತ ಅಷ್ಟೇ. ನನಗೆ ಎಲ್ಲಕ್ಕಿಂತ ಜಾಸ್ತಿ ನೋವು ಕೊಟ್ಟಿದ್ದು ಇದೇ. ನಾನು ಬರೆದ ಪಿಎಚ್‌ಪಿಯಲ್ಲಿ (ನಾವು ವೆಬ್ ಪೇಜ್‌ಗೆ ಬಳಸುವ ಪ್ರೋಗ್ರಾಮಿಂಗ್ ಭಾಷೆ) ಒಂದು ಸೆಮಿಕೋಲನ್ ಬಿಟ್ಟುಹೋದರೂ 500. ಡೇಟಾಬೇಸ್ ಸತ್ತು ಬಿದ್ದಿದ್ದರೂ 500. ಎರಡಕ್ಕೂ ಅದೇ ಬಿಳಿ ಪೇಜ್. ಯಾವ ತಪ್ಪಾಯಿತು ಅಂತ ಸರ್ವರ್ ಬರೆದಿಡುವ ಎರರ್ ಲಾಗ್ ನೋಡೋಣ ಅಂದರೆ ಸ್ಟೂಡೆಂಟ್ಸ್‌ಗೆ ಅದನ್ನು ಓದಲು ಪರ್ಮಿಷನ್ ಇಲ್ಲ. ತಪ್ಪು ನನ್ನದಾ, ಸರ್ವರ್‌ದಾ? ಗೊತ್ತಾಗುವುದಿಲ್ಲ. ಎರಡನೇ ಅಸೈನ್‌ಮೆಂಟ್ ಸಮಯದಲ್ಲಿ ರಾತ್ರಿ 11ರಿಂದ 3ರವರೆಗೆ ನಾನು ಸರಿಯಾಗಿದ್ದ ಕೋಡನ್ನೇ ಕಿತ್ತು ಕಿತ್ತು ಮತ್ತೆ ಬರೆದೆ. ಬೆಳಿಗ್ಗೆ ಲ್ಯಾಬ್‌ನಲ್ಲಿ ಗೊತ್ತಾಯಿತು, ರಾತ್ರಿ ಡಿಸ್ಕ್ ತುಂಬಿ ಮೈಎಸ್‌ಕ್ಯುಎಲ್ ನಿಂತುಹೋಗಿತ್ತಂತೆ. ಹಳೇ ಲಾಗ್ ಫೈಲ್‌ಗಳನ್ನು ಯಾರೂ ಅಳಿಸಿರಲಿಲ್ಲ. ನಾನು ಮೊದಲು ಬರೆದಿದ್ದು ಸರಿಯಾಗಿತ್ತು. ಆದರೆ ಅಷ್ಟು ಹೊತ್ತಿಗೆ ಅದನ್ನು ಕೆಡಿಸಿಯಾಗಿತ್ತು. ಈಗಷ್ಟೇ ಪ್ರೋಗ್ರಾಮಿಂಗ್ ಕಲಿಯುತ್ತಿರುವವರಿಗೆ ಇಂಥ ಒಂದು ರಾತ್ರಿ ಸಾಕು, 'ನನ್ನ ಕೈಲಿ ಇದು ಆಗಲ್ಲ' ಅನ್ನಿಸಿಬಿಡುತ್ತದೆ. ಬಿಕಾಂ ಮಾಡಿ ಬಂದ ಇಬ್ಬರು ನಮ್ಮ ಕ್ಲಾಸಲ್ಲಿ ಹಾಗೇ ಅಂದುಕೊಂಡು ಪ್ರಾಜೆಕ್ಟನ್ನು ಬೇರೆಯವರಿಂದ ಕಾಪಿ ಹೊಡೆದರು. ಅವರ ಮೇಲೆ ನನಗೆ ಸಿಟ್ಟಿಲ್ಲ.

ಅಪ್‌ಲೋಡ್ ಪೇಜ್‌ದು ಇನ್ನೊಂದು ತಲೆನೋವು. ಪಿಎಚ್‌ಪಿಯಲ್ಲಿ ಮೊದಲೇ ಇರುವ ಮಿತಿ ಪ್ರಕಾರ ಒಂದು ಫೈಲ್ 2 ಎಂಬಿ ದಾಟುವ ಹಾಗಿಲ್ಲ. ಸ್ಕ್ರೀನ್‌ಶಾಟ್ ಹಾಕಿದ ರಿಪೋರ್ಟ್ ಸುಮ್ನೆ 6 ಎಂಬಿ ಆಗುತ್ತದೆ. ಸೆಷನ್, ಅಂದರೆ ಏನೂ ಒತ್ತದೆ ಬಿಟ್ಟರೆ ಲಾಗಿನ್ ಉಳಿಯುವ ಸಮಯ, 1440 ಸೆಕೆಂಡ್, ಅಂದರೆ 24 ನಿಮಿಷ. ಇವೆರಡನ್ನೂ ಯಾರೂ ಬದಲಿಸಿಲ್ಲ. ಪ್ರಾಜೆಕ್ಟ್ ವಿವರಣೆಯನ್ನು ಆ ಫಾರ್ಮ್‌ನಲ್ಲೇ ಯೋಚಿಸಿ ಯೋಚಿಸಿ ಬರೆದು, ಅರ್ಧ ಗಂಟೆ ಬಿಟ್ಟು ಸಬ್ಮಿಟ್ ಒತ್ತಿದರೆ ಲಾಗಿನ್ ಪೇಜ್ ಬರುತ್ತದೆ, ಬರೆದಿದ್ದೆಲ್ಲ ಹೋಗಿರುತ್ತದೆ. ಸೆಟ್ಟಿಂಗ್ ಫೈಲ್‌ನಲ್ಲಿ ಕೆಲವು ಸಾಲು ಬದಲಿಸಿದರೆ ಮುಗಿಯುವ ಕೆಲಸ ಇದು.

ಮೂರನೇ ಅಸೈನ್‌ಮೆಂಟ್ ಮೇ ತಿಂಗಳಲ್ಲಿ ಬಂತು, ಕೊನೆ ದಿನ ಭಾನುವಾರ ರಾತ್ರಿ 12. ಸಂಜೆ ಗಾಳಿ ಮಳೆ, ಕರೆಂಟ್ ಹೋಯಿತು. ಯುಪಿಎಸ್ ಬ್ಯಾಟರಿ ಹಳೆಯದು, ಹತ್ತು ನಿಮಿಷವೂ ತಡೆಯಲಿಲ್ಲ. ಕರೆಂಟ್ ಬಂದ ಮೇಲೆ ಆ ಮಷಿನ್ ತಾನಾಗಿ ಆನ್ ಆಗುವುದಿಲ್ಲ, ಯಾರಾದರೂ ಹೋಗಿ ಬಟನ್ ಒತ್ತಬೇಕು. ನನ್ನ ಲ್ಯಾಬ್ ಪಾರ್ಟ್ನರ್‌ಗೆ ಸ್ವಂತ ಲ್ಯಾಪ್‌ಟಾಪ್ ಇಲ್ಲ. ಅವಳು ಲ್ಯಾಬ್‌ನಲ್ಲಿ ಕೂತು ಬರೆದದ್ದೆಲ್ಲ ಆ ಸರ್ವರ್‌ನಲ್ಲೇ ಇತ್ತು, ಬೇರೆಲ್ಲೂ ಕಾಪಿ ಇರಲಿಲ್ಲ. ಅಟೆಂಡರ್‌ಗೆ ಫೋನ್ ಮಾಡಿ, "ಅಣ್ಣಾ, ಸರ್ವರ್ ಆಫ್ ಆಗೇತಿ, ಒಂಚೂರು ಬಂದು ಆನ್ ಮಾಡ್ತೀರೇನು?" ಅಂತ ಕೇಳಿದಳು. "ಕೀಲಿ ಸರ್ ಹತ್ರ ಐತವ್ವಾ, ಅವರು ಊರಿಗೆ ಹೋಗ್ಯಾರ. ನಾ ಏನ್ ಮಾಡ್ಲಿ?" ಅಂದರು. ಅವರ ತಪ್ಪೇನೂ ಇಲ್ಲ. ಭಾನುವಾರ ಫೋನ್ ಎತ್ತಿದ್ದೇ ದೊಡ್ಡದು.

ಸೋಮವಾರ ಮೇಡಂ ನಮ್ಮ ಮಾತು ಪೂರ್ತಿ ಕೇಳಿಸಿಕೊಂಡರು. ಆದರೆ ಪೇಜ್ ಮಾತ್ರ 'ಸಬ್ಮಿಷನ್ ಕ್ಲೋಸ್ಡ್' ಅಂತ ತೋರಿಸುತ್ತಿತ್ತು. ಕೊನೆಗೆ ಎರಡು ದಿನ ಜಾಸ್ತಿ ಕೊಟ್ಟರು, ನಿಜ. ಅದಕ್ಕಾಗಿ ನಾವು ಪತ್ರ ಬರೆದು, ಎಚ್‌ಓಡಿ ಸಹಿಗೆ ಕಾದು, ಆ ಎರಡು ದಿನದಲ್ಲಿ ಒಂದನ್ನು ಅಲ್ಲೇ ಕಳೆದೆವು.

ದೊಡ್ಡ ಕಂಪನಿಯ ಥರ ಸರ್ವರ್ ಬೇಕು ಅಂತ ನಾನು ಕೇಳುತ್ತಿಲ್ಲ. ಯೂನಿವರ್ಸಿಟಿಯಲ್ಲಿ ದುಡ್ಡಿನ ಕಷ್ಟ ಇದೆ, ಸರ್ವರ್ ನೋಡಿಕೊಳ್ಳುವವರು ಒಬ್ಬರೇ, ಅವರೇ ಕ್ಲಾಸೂ ತೆಗೆದುಕೊಳ್ಳಬೇಕು. ಆದರೆ ಇಲ್ಲಿ ರಶ್ ಯಾವ ದಿನ ಆಗುತ್ತದೆ ಅಂತ ಒಂದು ತಿಂಗಳ ಮುಂಚೆಯೇ ಗೊತ್ತಿರುತ್ತದೆ. ರೈಲ್ವೆ ತತ್ಕಾಲ್ ಬುಕಿಂಗ್‌ನ ಹಾಗೆ ಇಡೀ ದೇಶ ಒಟ್ಟಿಗೆ ಮುಗಿಬೀಳುವುದಿಲ್ಲ, ಬರುವುದು 120 ಜನ. ಹಿಂದಿನ ದಿನ ಡಿಸ್ಕ್‌ನಲ್ಲಿ ಜಾಗ ಇದೆಯಾ ಅಂತ ಒಂದು ಕಮಾಂಡ್ ಹೊಡೆದು ನೋಡಬಹುದು. ನಮಗೆ ನಮ್ಮ ಎರರ್ ಲಾಗ್ ಓದಲು ಬಿಡಬಹುದು. ಸರ್ವರ್ ಬಿದ್ದಾಗ ಕ್ಲಾಸ್ ವಾಟ್ಸಾಪ್ ಗ್ರೂಪ್‌ಗೆ 'ಡೌನ್ ಆಗಿದೆ, ಕಾಯಿರಿ' ಅಂತ ಒಂದು ಸಾಲು ಹಾಕಿದ್ದರೆ ನಾನು ಆ ರಾತ್ರಿ ಕೋಡ್ ಮುಟ್ಟುತ್ತಿರಲಿಲ್ಲ, ಮಲಗುತ್ತಿದ್ದೆ.

ಮುಂದಿನ ಬ್ಯಾಚ್‌ನವರಿಗೆ ಒಂದು ಮಾತು. ನಿಮ್ಮ ಫೋಲ್ಡರ್‌ನಲ್ಲಿ ಬರೀ 'ಹಲೋ' ಅಂತ ತೋರಿಸುವ ಒಂದು ಎಚ್‌ಟಿಎಂಎಲ್ ಫೈಲ್ ಇಡಿ, ಡೇಟಾಬೇಸ್‌ಗೆ ಕನೆಕ್ಟ್ ಮಾತ್ರ ಆಗುವ ಒಂದು ಸಣ್ಣ ಪಿಎಚ್‌ಪಿ ಫೈಲೂ ಇಡಿ. ಪ್ರಾಜೆಕ್ಟ್ ಓಡದಿದ್ದರೆ ಮೊದಲು ಇವೆರಡನ್ನು ತೆರೆದು ನೋಡಿ. ಎರಡೂ ಬರದಿದ್ದರೆ ಮಷಿನ್ ಬಿದ್ದಿದೆ ಅಥವಾ ನೆಟ್ ಇಲ್ಲ. ಮೊದಲನೆಯದು ಬಂದು ಎರಡನೆಯದು ಬರದಿದ್ದರೆ ಡೇಟಾಬೇಸ್ ಹೋಗಿರುವ ಸಾಧ್ಯತೆ ಜಾಸ್ತಿ. ಎರಡೂ ಬಂದರೆ ಮಾತ್ರ ನಿಮ್ಮ ಕೋಡ್ ತೆರೆದು ತಪ್ಪು ಹುಡುಕಿ. ಎರರ್ ಬಂದಾಗ ಟೈಮ್ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದಿಡಿ, ನಮ್ಮ ಪತ್ರಕ್ಕೆ ಬಲ ಬಂದಿದ್ದು ಅದರಿಂದಲೇ. ಲ್ಯಾಬ್‌ನಿಂದ ಏಳುವ ಮುಂಚೆ ಫೋಲ್ಡರ್ ಮತ್ತು ಡೇಟಾಬೇಸ್ ಎರಡನ್ನೂ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಫೋಲ್ಡರ್ ಮಾತ್ರ ತಂದರೆ ಸಾಲದು, ಪಿಎಚ್‌ಪಿಮೈಅಡ್ಮಿನ್‌ನಲ್ಲಿ (ಬ್ರೌಸರ್‌ನಲ್ಲೇ ಡೇಟಾಬೇಸ್ ನೋಡುವ ಪೇಜ್) ಎಕ್ಸ್‌ಪೋರ್ಟ್ ಕೊಟ್ಟು ಟೇಬಲ್‌ಗಳನ್ನೂ ಇಳಿಸಿಕೊಳ್ಳಬೇಕು.

ನಮ್ಮ ಪತ್ರದಲ್ಲಿ ಇನ್ನೊಂದು ಕೇಳಿದ್ದೆವು, ಕೊನೆ ದಿನ ಅನ್ನುವುದು ಕೆಲಸದ ದಿನ ಇರಲಿ, ಸಂಜೆ 4ಕ್ಕೆ ಮುಗಿಯಲಿ, ಆಗ ಲ್ಯಾಬ್‌ನಲ್ಲಿ ಕೀಲಿ ಇಟ್ಟುಕೊಂಡವರು ಒಬ್ಬರಾದರೂ ಇರುತ್ತಾರೆ ಅಂತ. ಅದಕ್ಕೆ ಮೇಡಂ ಒಪ್ಪಿದ್ದಾರೆ. ಮುಂದಿನ ಸೆಮ್‌ನ ಮೊದಲ ಅಸೈನ್‌ಮೆಂಟ್ ಬುಧವಾರಕ್ಕೆ ಹಾಕಿದ್ದಾರೆ. ಯುಪಿಎಸ್‌ಗೆ ಹೊಸ ಬ್ಯಾಟರಿ ಬಂದ ದಿನ ಇಲ್ಲಿ ಇನ್ನೊಂದು ಸ್ಟಾರ್ ಸೇರಿಸುತ್ತೇನೆ.