ಅಬು ಸಿಂಬೆಲ್‌ಗೆ ವ್ಯಾನೋ, ವಿಮಾನವೋ?

ಈಜಿಪ್ಟ್‌ನ ಆಸ್ವಾನ್ ಊರಿನಿಂದ ಅಬು ಸಿಂಬೆಲ್‌ನ ಪುರಾತನ ಗುಡಿಗೆ ಹೋಗಿ ಅದೇ ದಿನ ವಾಪಸ್ ಬರಲು ಯಾವುದು ವಾಸಿ ಅಂತ ಕೇಳಿದ್ದೀರಿ. ದುಡ್ಡು ನೋಡಿದರೆ ಗೈಡ್ ಸಮೇತದ ಗುಂಪು ವ್ಯಾನೇ ಅಗ್ಗ. ಆದರೆ ಸುಮಾರು 280 ಕಿ.ಮೀ. ಮರುಭೂಮಿ ರಸ್ತೆ, ಒಂದು ಕಡೆಗೇ ಮೂರು ಗಂಟೆಗೂ ಮೇಲೆ. ನಸುಕಿನಲ್ಲೇ ಎಬ್ಬಿಸಿ ಹೊರಡಿಸುತ್ತಾರೆ. ವಿಮಾನ ದುಬಾರಿ, ಆದರೆ ಹಾರಾಟ ಮುಕ್ಕಾಲು ಗಂಟೆಯಷ್ಟೇ. ಸೊಂಟನೋವಿನ ಹಿರಿಯರು ಜೊತೆಗಿದ್ದರೆ ಜಿಪುಣತನ ಬೇಡ.

ನೋಡುವ ಸಮಯದ ವಿಷಯದಲ್ಲಿ ಮಾತ್ರ ಎರಡೂ ಇಕ್ಕಟ್ಟೇ. ವ್ಯಾನುಗಳೆಲ್ಲ ಒಟ್ಟಿಗೇ ಬಂದಿಳಿಯುತ್ತವೆ. ಗುಡಿಯೊಳಗೆ ಗೈಡ್ ವಿವರಿಸುವಂತಿಲ್ಲ. ಹೊರಗೇ ಕೇಳಿಕೊಂಡು ಒಳಹೋಗಬೇಕು. ಮುಂಭಾಗದಲ್ಲಿ ಸುಮಾರು 20 ಮೀಟರ್ ಎತ್ತರದ ನಾಲ್ಕು ವಿಗ್ರಹಗಳು, ನಾಲ್ಕೂ ಪುರಾತನ ಈಜಿಪ್ಟ್‌ನ ದೊರೆ ರಾಮ್ಸೆಸ್‌ನವೇ. ಒಂದರ ತಲೆ ಕಾಲಬುಡದಲ್ಲಿ ಬಿದ್ದಿದೆ. ಆಸ್ವಾನ್ ಅಣೆಕಟ್ಟಿನ ನೀರಲ್ಲಿ ಮುಳುಗದಿರಲೆಂದು 1964–68ರಲ್ಲಿ ಇಡೀ ಗುಡಿಯನ್ನೇ ಕತ್ತರಿಸಿ ಮೇಲೆ ಸಾಗಿಸಿದಾಗಲೂ ಅದನ್ನು ಬಿದ್ದಂತೆಯೇ ಇಟ್ಟರು. ಇಂಥದ್ದನ್ನು ಓಡೋಡಿ ನೋಡೋದು ಹೇಗೆ?

ಶಿಲ್ಪದ ಹುಚ್ಚಿದ್ದರೆ ಅಲ್ಲೇ ಒಂದು ರಾತ್ರಿ ತಂಗಿ. ಫೆಬ್ರವರಿ 22, ಅಕ್ಟೋಬರ್ 22ರಂದು ಗರ್ಭಗುಡಿಗೆ ಬೀಳುವ ಸೂರ್ಯಕಿರಣ ನೋಡುವ ಆಸೆಯಿದ್ದರಂತೂ ರೂಮು ಬಹಳ ಮುಂಚೆಯೇ ಹಿಡಿಯಬೇಕು.