ಸ್ಮಿತ್‌ಸನ್ ಪ್ಲಾಜಾ, ಲಂಡನ್: ನಕ್ಷೆ ಬರೆದವರ ಹೆಸರಿನಲ್ಲಿ

ಲಂಡನ್ನಿನ ಸೇಂಟ್ ಜೇಮ್ಸ್ ಸ್ಟ್ರೀಟ್‌ನಲ್ಲಿ ಸ್ಮಿತ್‌ಸನ್ ಪ್ಲಾಜಾದ ವಿಳಾಸ ಕೇಳುವಾಗ ‘ಇಕನಾಮಿಸ್ಟ್ ಬಿಲ್ಡಿಂಗ್’ ಎಂದೂ ಹೇಳಿ ನೋಡಿ. 1964ರಿಂದ ರೂಢಿಯಲ್ಲಿದ್ದ ಹೆಸರು ಅಷ್ಟು ಬೇಗ ಅಳಿಸುವುದಿಲ್ಲ. 2017ರಲ್ಲಿ ‘ದಿ ಇಕನಾಮಿಸ್ಟ್’ ಪತ್ರಿಕೆ ಅಲ್ಲಿಂದ ಜಾಗ ಖಾಲಿ ಮಾಡಿತು. ಅದಕ್ಕೂ ಒಂದು ವರ್ಷ ಮೊದಲೇ ಕಟ್ಟಡ ಕೊಂಡಿದ್ದ ಟಿಶ್‌ಮನ್ ಸ್ಪೈಯರ್ ಕಂಪನಿ, ಹೊಸ ಬಾಡಿಗೆದಾರರ ಹೆಸರು ಅಂಟಿಸದೆ, ನಕ್ಷೆ ಬರೆದ ಆಲಿಸನ್ ಮತ್ತು ಪೀಟರ್ ಸ್ಮಿತ್‌ಸನ್ ದಂಪತಿಯ ಹೆಸರಿಟ್ಟಿತು. ಮನೆತನದ ಹೆಸರಾದ್ದರಿಂದ ಆಲಿಸನ್ ಅವರ ಪಾಲೂ ಅದರಲ್ಲಿದೆ. ನಮ್ಮೂರುಗಳಲ್ಲಿ ಉದ್ಘಾಟನೆಯ ಕಲ್ಲಿನ ಮೇಲೆ ಮಂತ್ರಿಗಳ ಹೆಸರಿರುತ್ತದೆ, ನಕ್ಷೆ ಬರೆದವರದ್ದು ಹುಡುಕಿದರೂ ಸಿಗದು.

ಗ್ರೀನ್ ಪಾರ್ಕ್ ಸ್ಟೇಷನ್‌ನಿಂದ ಪಿಕಡಿಲಿಯಲ್ಲಿ ಪೂರ್ವಕ್ಕೆ ನಡೆದು ಬಲಕ್ಕೆ ಸೇಂಟ್ ಜೇಮ್ಸ್ ಸ್ಟ್ರೀಟ್‌ಗೆ ತಿರುಗಿ. ಎಡಗಡೆ 18ನೇ ಶತಮಾನದ ಬೂಡಲ್ಸ್ ಕ್ಲಬ್ ದಾಟಿದರೆ ಬಂತು. ಬಹಳ ಜನ ಎಡವುವುದು ಇಲ್ಲೇ: ರಸ್ತೆಗೆ ಮುಖ ಮಾಡಿದ ತಗ್ಗು ಕಟ್ಟಡವನ್ನೇ ಪತ್ರಿಕೆಯ ಕಚೇರಿಯಿದ್ದ ಟವರ್ ಎಂದುಕೊಂಡು ಫೋಟೋ ಹೊಡೆದು ಹೊರಟುಬಿಡುತ್ತಾರೆ. ಅದು ಮೊದಲು ಬ್ಯಾಂಕ್ ಆಗಿತ್ತು. ಹಳೆಯ ಬೀದಿಯ ಎತ್ತರ ಕೆಡದಿರಲಿ ಎಂದೇ ಕಚೇರಿಯ ಟವರನ್ನು ಹಿಂದಕ್ಕೆ ಸರಿಸಲಾಗಿದೆ. ಮೆಟ್ಟಿಲು ಹತ್ತಿ ಎತ್ತರದ ಅಂಗಳಕ್ಕೆ ಬನ್ನಿ. ಅಡಿಯಲ್ಲಿ ಕಾರು ನಿಲ್ಲಿಸುವ ಜಾಗ, ಮೇಲೆ ನಡೆದಾಡುವವರ ಜಾಗ. ಕಟ್ಟಡಗಳ ಮೂಲೆಗಳನ್ನು ಓರೆಯಾಗಿ ಕತ್ತರಿಸಿರುವುದರಿಂದ ಇಕ್ಕಟ್ಟಿನಲ್ಲೂ ಬೆಳಕು ಒಳಕ್ಕೆ ತಿರುಗುತ್ತದೆ.

ಕಂಬದ ಕಲ್ಲನ್ನು ಬೆರಳಿನಿಂದ ಮುಟ್ಟಿ ನೋಡಬೇಕು. ಸೇಂಟ್ ಪಾಲ್ಸ್ ಚರ್ಚಿನಂತೆ ಇದೂ ಪೋರ್ಟ್‌ಲೆಂಡ್ ಎಂಬ ಸುಣ್ಣಕಲ್ಲೇ, ಆದರೆ ‘ರೋಚ್’ ಎಂಬ ಒರಟು ಪದರದ್ದು. ಕಲ್ಲಿನೊಳಗೆ ಹುದುಗಿದ್ದ ಪುರಾತನ ಕಡಲ ಚಿಪ್ಪುಗಳು ಕರಗಿಹೋದ ಕಡೆ ತೂತು, ಕೆಲವೆಡೆ ಸ್ಕ್ರೂ ಒತ್ತಿ ತೆಗೆದಂಥ ಸುರುಳಿಯಚ್ಚು. ಗಾಳಿಮಳೆಗೆ ಜಗ್ಗದ ಕಲ್ಲು.

ಮರುನಾಮಕರಣಕ್ಕೆ ನಮ್ಮ ಪೂರ್ಣ ಅಂಕ, ಒಂದು ತಕರಾರಿನೊಂದಿಗೆ. ಇಲ್ಲಿ ಈ ಹೆಸರು ಏರಿದ ಕಾಲದಲ್ಲೇ, ಅದೇ ದಂಪತಿ ಪೂರ್ವ ಲಂಡನ್ನಿನಲ್ಲಿ ನಕ್ಷೆ ಬರೆದಿದ್ದ ರಾಬಿನ್ ಹುಡ್ ಗಾರ್ಡನ್ಸ್ ವಸತಿ ಸಮುಚ್ಚಯವನ್ನು ಕೆಡವಲು ಶುರುವಾಗಿತ್ತು. ಈ ಟವರಿಗೆ 1988ರಲ್ಲೇ ಇಂಗ್ಲೆಂಡಿನ ಪಾರಂಪರಿಕ ಕಟ್ಟಡಗಳ ಗ್ರೇಡ್ 2 ಸ್ಟಾರ್ ಪಟ್ಟಿಯ ರಕ್ಷಣೆ ಸಿಕ್ಕಿತ್ತು. ರಾಬಿನ್ ಹುಡ್ ಗಾರ್ಡನ್ಸ್‌ಗೆ ಯಾವ ಪಟ್ಟಿಯಲ್ಲೂ ಜಾಗ ಸಿಗಲಿಲ್ಲ. ಅದರ ಒಂದು ತುಂಡನ್ನು ವಿಕ್ಟೋರಿಯಾ ಆಂಡ್ ಆಲ್ಬರ್ಟ್ ಮ್ಯೂಸಿಯಂ ಎತ್ತಿಟ್ಟುಕೊಂಡಿದೆ.