“ಲಿವರ್ ಪೋಷಣೆ” ಎಂದು ಚೀನೀ ಪುಡಿ ಕುಡಿಯುತ್ತಿದ್ದೀರಾ? ನನಗೆ ಆದದ್ದನ್ನು ಒಮ್ಮೆ ಓದಿ

ಸಿಂಗಪುರದಲ್ಲಿರುವ ನಮ್ಮವರಿಗೆ, ಅದರಲ್ಲೂ ಕೂದಲು ಉದುರುತ್ತಿದೆ ಎಂದು ಚೀನೀ ಮೂಲಿಕೆ ಅಂಗಡಿಗೆ ಹೋಗುತ್ತಿರುವ ಹೆಂಗಸರಿಗೆ ಇದನ್ನು ಬರೆಯುತ್ತಿದ್ದೇನೆ. ಆ ಪುಡಿ ಕುಡಿದು ಕಾಮಾಲೆ ಬಂದು ನಾನು ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದೆ.

ಹೋದ ವರ್ಷ ತಲೆ ಬಾಚಿದಾಗಲೆಲ್ಲ ಬಾಚಣಿಗೆ ತುಂಬ ಕೂದಲು ಬರುತ್ತಿತ್ತು, ಬೈತಲೆ ಅಗಲವಾಗುತ್ತಾ ಹೋಯಿತು. ಆಫೀಸಿನ ಗೆಳತಿ ತನ್ನ ಅಮ್ಮ ಹೋಗುವ ಕಡೆಗೆ ಕರೆದುಕೊಂಡು ಹೋದಳು. ಅಲ್ಲಿನ ವೈದ್ಯರು ಎರಡೂ ಕೈಯ ನಾಡಿ ಹಿಡಿದು, ನಾಲಿಗೆ ನೋಡಿ, “ನಿಮ್ಮ ಲಿವರ್‌ನಲ್ಲಿ ರಕ್ತ ಸಾಲದು, ಅದನ್ನು ಪೋಷಿಸಬೇಕು” ಎಂದರು. ಚಿಕ್ಕವಳಿದ್ದಾಗ ಊರಿನ ಪಂಡಿತರು ಹೀಗೇ ನಾಡಿ ನೋಡುತ್ತಿದ್ದರು. ಅದೇ ನೆನಪಿಗೆ ನಂಬಿಕೆ ಬಂದುಬಿಟ್ಟಿತು. ಬಿಸಿನೀರಲ್ಲಿ ಕದಡಿ ದಿನಕ್ಕೆ ಎರಡು ಸಲ ಕುಡಿಯುವ ಪುಡಿ ಕೊಟ್ಟರು. ಅದರಲ್ಲಿ ದಾಂಗ್ ಗುಯ್ ಎಂಬ ಬೇರು, ಗೋಜಿ ಹಣ್ಣು, ಬಿಳಿ ಪಿಯೋನಿ ಬೇರು ಇತ್ತು. ಎಲ್ಲಕ್ಕಿಂತ ಹೆಚ್ಚಾಗಿ ಇದ್ದದ್ದು ಹೆ ಶೌ ವು.

ಈ ಹೆಸರನ್ನು ನೆನಪಿಟ್ಟುಕೊಳ್ಳಿ. ಕೆಲವು ಡಬ್ಬಿಗಳ ಮೇಲೆ ಫೋ-ಟಿ ಎಂದಿರುತ್ತದೆ, ಕೆಲವದರಲ್ಲಿ ಪಾಲಿಗೋನಮ್ ಮಲ್ಟಿಫ್ಲೋರಮ್ ಎಂಬ ಸಸ್ಯಶಾಸ್ತ್ರದ ಹೆಸರು. ಇದು ಒಂದು ಬಳ್ಳಿಯ ಗೆಡ್ಡೆ. ಹೆ ಎಂಬ ಮನೆತನದ ಮುದುಕನೊಬ್ಬ ಇದನ್ನು ತಿಂದು ನರೆಗೂದಲು ಕಪ್ಪಾಯಿತು ಎಂಬ ಕಥೆಯಿಂದಲೇ ಆ ಹೆಸರು ಬಂದಿದೆ.

ಐದನೇ ವಾರಕ್ಕೆ ಸುಸ್ತು ಶುರುವಾಯಿತು. ಊಟ ಕಂಡರೆ ವಾಕರಿಕೆ. ಇಲ್ಲಿ ನಾನು ಮಾಡಿದ ತಪ್ಪನ್ನು ದಯವಿಟ್ಟು ಯಾರೂ ಮಾಡಬೇಡಿ. ಲಿವರ್ ಇನ್ನೂ ಬಲಹೀನವಾಗಿಯೇ ಇದೆ, ಪೋಷಣೆ ಸಾಲುತ್ತಿಲ್ಲ ಎಂದುಕೊಂಡು ದಿನಕ್ಕೆ ಮೂರು ಸಲ ಕುಡಿಯತೊಡಗಿದೆ. ಮೈಯೆಲ್ಲ ತುರಿಕೆ ಬಂತು, ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತು. ಆಗಲೂ ನಿಲ್ಲಿಸಲಿಲ್ಲ. ಕೊನೆಗೆ ವಿಡಿಯೊ ಕಾಲ್‌ನಲ್ಲಿ ಅಮ್ಮ, “ಏನೇ ಇದು, ಕಣ್ಣಿಗೆ ಅರಿಶಿನ ಹಚ್ಚಿದ ಹಾಗಿದ್ಯಲ್ಲೇ?” ಎಂದು ಗಾಬರಿಯಾದಳು.

ಆಸ್ಪತ್ರೆಯಲ್ಲಿ ಎಎಲ್‌ಟಿ, ಅಂದರೆ ಲಿವರ್‌ಗೆ ಪೆಟ್ಟಾದಾಗ ರಕ್ತದಲ್ಲಿ ಏರುವ, ನಮ್ಮೂರಿನ ರಿಪೋರ್ಟಿನಲ್ಲಿ ಎಸ್‌ಜಿಪಿಟಿ ಎಂದು ಬರೆಯುವುದು, 1,180 ಇತ್ತು. ಅದು 40ರ ಆಸುಪಾಸಿನಲ್ಲಿ ಇರಬೇಕಾದದ್ದು. ಕಣ್ಣು ಹಳದಿ ಮಾಡುವ ಬಿಲಿರುಬಿನ್ ನಮ್ಮೂರ ಲೆಕ್ಕದಲ್ಲಿ 8 ದಾಟಿತ್ತು. ಹೆಪಟೈಟಿಸ್ ಎ, ಬಿ, ಸಿ, ಇ ಯಾವುದೂ ಇಲ್ಲ, ಸ್ಕ್ಯಾನ್‌ನಲ್ಲಿ ಪಿತ್ತಕೋಶದ ಕಲ್ಲಿಲ್ಲ. “ಯಾವುದಾದರೂ ಔಷಧಿ ತೆಗೆದುಕೊಳ್ಳುತ್ತಿದ್ದೀರಾ?” ಎಂದು ಡಾಕ್ಟರ್ ಕೇಳಿದರು. ಇಲ್ಲ ಎಂದೆ. ಮರುದಿನ ಇನ್ನೊಬ್ಬರು ಕೇಳಿದರು, ಅವರಿಗೂ ಇಲ್ಲ ಎಂದೆ. ನಾನು ಸುಳ್ಳು ಹೇಳಲಿಲ್ಲ. ಗೆಡ್ಡೆ, ಬೇರು, ಹಣ್ಣು ಔಷಧಿಯ ಲೆಕ್ಕಕ್ಕೆ ಬರುತ್ತದೆಂದು ಹೊಳೆಯಲೇ ಇಲ್ಲ. ಮೂರನೇ ದಿನ ನರ್ಸ್ ಒಬ್ಬರು, “ಕಷಾಯ, ಚಹಾ, ಪುಡಿ ಏನಾದರೂ?” ಎಂದು ಬಿಡಿಸಿ ಕೇಳಿದಾಗ ಬಾಯಿಬಿಟ್ಟೆ. ಆ ಎರಡು ದಿನ ಕಾರಣ ಹುಡುಕುತ್ತಾ ವ್ಯರ್ಥವಾದವು.

ಆಮೇಲೆ ತಿಳಿದುಕೊಂಡದ್ದು ನೋಡಿ ಹೊಟ್ಟೆ ಉರಿಯಿತು. ಹೆ ಶೌ ವು ಲಿವರ್‌ಗೆ ಪೆಟ್ಟು ಕೊಡಬಹುದೆಂದು ಬ್ರಿಟನ್ನಿನ ಔಷಧ ನಿಯಂತ್ರಕರು 2006ರಲ್ಲೇ ಎಚ್ಚರಿಸಿದ್ದರು. 2014ರಲ್ಲಿ ಸ್ವತಃ ಚೀನಾದ ನಿಯಂತ್ರಕರೇ ಎಚ್ಚರಿಕೆ ಕೊಟ್ಟರು. ಹಸಿ ಗೆಡ್ಡೆ ಮಾತ್ರ ಅಪಾಯ, ಕಪ್ಪು ಸೋಯಾ ರಸದಲ್ಲಿ ಬೇಯಿಸಿ ಸಂಸ್ಕರಿಸಿದ್ದು ಏನೂ ಮಾಡುವುದಿಲ್ಲ ಎಂದು ಅಂಗಡಿಗಳಲ್ಲಿ ಹೇಳುತ್ತಾರೆ. ಸಂಸ್ಕರಿಸಿದ್ದನ್ನು ತಿಂದವರಿಗೂ ಹೀಗಾದ ಪ್ರಕರಣಗಳಿವೆ. ಎಚ್‌ಎಲ್‌ಎ-ಬಿ 35:01 ಎಂಬ ಜೀನ್ ಇರುವವರಿಗೆ ಅಪಾಯ ಬಹಳ ಹೆಚ್ಚು ಎಂದು ಚೀನಾದ ಸಂಶೋಧಕರೇ ಕಂಡುಕೊಂಡಿದ್ದಾರೆ. ಅದು ನಮ್ಮಲ್ಲಿದೆಯೋ ಇಲ್ಲವೋ ನಾಡಿ ನೋಡಿದರೆ ತಿಳಿಯುವುದಿಲ್ಲ.

ಇನ್ನೊಂದು ವಿಷಯ. ಚೀನೀ ವೈದ್ಯಶಾಸ್ತ್ರದಲ್ಲಿ ‘ಗಾನ್’, ಅಂದರೆ ಲಿವರ್, ಎಂದರೆ ಬರೀ ನಮ್ಮ ಬಲಪಕ್ಕೆಯೊಳಗಿನ ಅಂಗವಲ್ಲ. ರಕ್ತ ಕೂಡಿಡುವುದು, ಕಣ್ಣು, ಸ್ನಾಯು, ಸಿಟ್ಟು ಎಲ್ಲ ಸೇರಿದ ಒಂದು ಕಲ್ಪನೆ ಅದು. ಲಿವರ್ ಎಂದು ಅನುವಾದ ಮಾಡಿ ಹೇಳಿದಾಗ ನಾನು ರಕ್ತಪರೀಕ್ಷೆಯಲ್ಲಿ ಕಾಣುವ ಲಿವರ್ ಎಂದೇ ತಿಳಿದೆ. ಪುಡಿ ಕೊಡುವ ಮೊದಲು ಲಿವರ್ ಹೇಗಿದೆ ಎಂದು ನೋಡುವ ರಕ್ತಪರೀಕ್ಷೆ, ಅಂದರೆ ಒಂದು ಎಲ್‌ಎಫ್‌ಟಿ ಮಾಡಿಸಿ ಎಂದು ಯಾರೂ ಹೇಳಲಿಲ್ಲ.

ಇಷ್ಟರ ನಡುವೆ ಅಮ್ಮ, “ಕಿರುನೆಲ್ಲಿ ಅರೆದು ಹಾಲಲ್ಲಿ ಕುಡಿ” ಎಂದು ಫೋನಿನಲ್ಲಿ ಅಳುತ್ತಿದ್ದಳು. ಡಾಕ್ಟರ್ ಅದನ್ನೂ ಬೇಡವೆಂದರು. ನೊಂದಿರುವ ಲಿವರ್‌ಗೆ ಇನ್ನೊಂದು ಕಷಾಯದ ಹೊರೆ ಹಾಕಬೇಡಿ ಎಂದರು. ನಮ್ಮ ಬೇರುಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಕೋವಿಡ್ ಸಮಯದಲ್ಲಿ ಅಮೃತಬಳ್ಳಿ ಕುಡಿದವರಲ್ಲಿ ಲಿವರ್ ಕೆಟ್ಟ ಪ್ರಕರಣಗಳನ್ನು ಮುಂಬೈ ವೈದ್ಯರು ವರದಿ ಮಾಡಿದ್ದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ನಾನಂತೂ ಈಗ ಯಾವ ಕಷಾಯವನ್ನೂ ಡಾಕ್ಟರಿಗೆ ಹೇಳದೆ ಮುಟ್ಟುವುದಿಲ್ಲ.

ಪುಡಿ ಬಿಟ್ಟ ಮೇಲೆ ರಿಪೋರ್ಟ್ ಸರಿಹೋಗಲು ಮೂರೂವರೆ ತಿಂಗಳು ಬೇಕಾಯಿತು. ನನ್ನದು ಸರಿಹೋಯಿತು, ಲಿವರ್ ಕಸಿಯವರೆಗೆ ಹೋದವರೂ, ಸತ್ತವರೂ ಇದ್ದಾರೆ. ಇನ್ನೊಮ್ಮೆ ಕುಡಿದರೆ ಮೊದಲಿಗಿಂತ ಜೋರಾಗಿ ಬರಬಹುದು ಎಂದು ಡಾಕ್ಟರ್ ಬರೆದೇ ಕೊಟ್ಟಿದ್ದಾರೆ. ಕೂದಲು ಉದುರಿದ್ದಕ್ಕೆ ಕಾರಣ ಕಬ್ಬಿಣದ ಕೊರತೆ. ಮೈಯಲ್ಲಿ ಎಷ್ಟು ಕಬ್ಬಿಣ ಕೂಡಿದೆ ಎಂದು ತೋರಿಸುವ ಫೆರಿಟಿನ್ ಬರೀ 9 ಇತ್ತು.

ಗೆಳತಿಯ ಅಮ್ಮ ಅದೇ ಪುಡಿಯನ್ನು ಎರಡು ವರ್ಷದಿಂದ ಕುಡಿಯುತ್ತಿದ್ದಾರೆ, ಅವರಿಗೆ ಏನೂ ಆಗಿಲ್ಲ. ಅದಕ್ಕೇ ನನ್ನ ಮಾತು ಅವರಿಗೆ ನಾಟುತ್ತಿರಲಿಲ್ಲ. ಮೊನ್ನೆ ಆಸ್ಪತ್ರೆಯಲ್ಲಿ ತೆಗೆದ ನನ್ನ ಕಣ್ಣಿನ ಫೋಟೊ ತೋರಿಸಿದೆ. ಈ ಶನಿವಾರ ಎಲ್‌ಎಫ್‌ಟಿ ಮಾಡಿಸಲು ಬರುತ್ತೇನೆ ಎಂದಿದ್ದಾರೆ, ಪುಡಿಯ ಪೊಟ್ಟಣವನ್ನೂ ಜೊತೆಗೆ ತರಲು ಹೇಳಿದ್ದೇನೆ.